ಒಂದು ದಿನದ ಸೋಸುಮಡಕೆ

ದಿನಕ್ಕೆ ಅರವತ್ತು ಮಡಕೆಗೆ ನೀರು ತುಂಬುವುದು ಥೋಮಳ ಕೆಲಸ. ಕುಡಿಯುವುದಕ್ಕಲ್ಲ, ಅಳೆಯುವುದಕ್ಕೆ.

ಅವು ನೀರು ಸೋಸುವ ಮಡಕೆಗಳು. ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಪುಡಿ ಕಲಸಿ, ಅಚ್ಚಿಗೆ ಹಾಕಿ ಒತ್ತಿ, ಗೂಡಿನಲ್ಲಿ ಸುಡುತ್ತಾರೆ. ಹೊಟ್ಟು ಉರಿದುಹೋಗಿ ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಮೇಲೆ ಸುರಿದ ಕೊಳಕು ನೀರು ಆ ತೂತುಗಳಲ್ಲಿ ಜಿನುಗಿ ಕೆಳಗಿನ ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಯುವಷ್ಟರಲ್ಲಿ ಭೇದಿಯ ಹುಳು ಮೇಲೇ ಉಳಿದಿರುತ್ತದೆ. ಕರೆಂಟು ಬೇಡ. ಸೌದೆ ಬೇಡ. 'ಬಡವರಲ್ಲಿ ಬಡವರಿಗಾಗಿ' ಎಂದು ಕಾರ್ಖಾನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಥೋಮಳಿಗೆ ಓದಲು ಬರುವುದಿಲ್ಲ. ಮ್ಯಾನೇಜರ್ ವಿರಕ್ ಒಮ್ಮೆ ಓದಿ ಹೇಳಿದ್ದ.

ಸುಟ್ಟ ಮಡಕೆಯನ್ನು ತೊಟ್ಟಿಯಲ್ಲಿ ನೆನೆಹಾಕಬೇಕು. ಮಾರನೆಯ ಬೆಳಿಗ್ಗೆ ಎತ್ತಿ ಕಟ್ಟೆಯ ಮೇಲಿಟ್ಟು ಬಾಯಿಮಟ್ಟ ತುಂಬಬೇಕು. ಒಂದು ತಾಸಿಗೆ ಎಷ್ಟು ಇಳಿಯಿತೆಂದು ಕೋಲು ಅದ್ದಿ ನೋಡಬೇಕು. ತೀರ ಕಡಿಮೆ ಇಳಿದರೆ ಯಾರೂ ಕಾಯುವುದಿಲ್ಲ. ಜಾಸ್ತಿ ಇಳಿದರೆ ಎಲ್ಲೋ ಸೀಳು ಬಿಟ್ಟಿದೆ ಎಂದರ್ಥ. ಅಂಥದ್ದನ್ನು ಸುತ್ತಿಗೆಯಿಂದ ಒಡೆಯಬೇಕು. ಯಾರೂ ಮನೆಗೆ ಒಯ್ಯುವ ಹಾಗಿಲ್ಲ. ಥೋಮಳಿಗೆ ಕೋಲೂ ಬೇಕಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯ ಮಡಕೆ ಠಣ್ ಎನ್ನುತ್ತದೆ, ಸೀಳಿದ್ದು ಡಬ್ ಎನ್ನುತ್ತದೆ. ಆರು ವರ್ಷ ಹೀಗೆ ಎತ್ತಿ, ತುಂಬಿ, ತಟ್ಟಿ, ಒಡೆದು ಅವಳ ಎರಡೂ ಮಣಿಕಟ್ಟು ಊದಿಕೊಂಡಿದ್ದವು. ಅನ್ನ ಕಲಸುವಾಗಲೂ ಕಟಕಟ ಅನ್ನುತ್ತಿದ್ದವು. ಹೊಟ್ಟಿನ ದೂಳು ಎದೆಗೆ ಸೇರಿ ಕೆಮ್ಮು ಬೇರೆ.

ನಾಲ್ಕೂವರೆ ಅಡಿಯ ಹೆಂಗಸು. ದಡದವರ ಖ್ಮೇರ್ ಮಾತಿನಲ್ಲಿ ಥೋಮ್ ಎಂದರೆ ದೊಡ್ಡದು. ಅವಳ ಮನೆಮಾತು ವಿಯೆಟ್ನಾಮಿಯಲ್ಲಿ ಪರಿಮಳ. ಮಣ್ಣು ಒತ್ತುವ ಗಂಡಸರಿಗೆ ಇದೇ ದಿನದ ನಗೆ.

"ಏ ದೊಡ್ಡೋಳೇ, ಕಟ್ಟೆ ಹತ್ತಿ ನಿಂತ್ಕೊ. ಕಾಣ್ತಾನೇ ಇಲ್ಲ!"

"ಪರಿಮಳ ಅಂತ ಹೆಸರಿಟ್ಟೋರಿಗೆ ಅವತ್ತು ನೆಗಡಿ ಇತ್ತೇನೋ. ಬರೀ ಮೀನು ವಾಸನೆ."

"ನನ್ನ ವಾಸ್ನೆ ಒಂದು ಸ್ನಾನಕ್ಕೆ ಹೋಯ್ತದೆ," ಎನ್ನುತ್ತಿದ್ದಳು ಥೋಮ್. "ನಿನ್ನ ಬಾಯಿದು?"

ಅವಳ ಮನೆ ತೊನ್ಲೆ ಸಾಪ್ ಸರೋವರದ ಮೇಲಿತ್ತು. ಮೇಲೆ ಎಂದರೆ ಮೇಲೆಯೇ. ಖಾಲಿ ಡ್ರಮ್ಮು, ಬಿದಿರಿನ ಕಂತೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತಗಡಿನ ಗೂಡು. ಅಂಥ ನಲವತ್ತಮೂರು ಮನೆಗಳು ಚ್ರೋಯ್ ಸ್ಲೆಂಗ್ ಎಂಬ ಊರಿನ ದಡಕ್ಕೆ ಹಗ್ಗ ಬಿಗಿದುಕೊಂಡು ತೇಲುತ್ತಿದ್ದವು. ಮುತ್ತಜ್ಜಂದಿರು ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದವರು. ಆಮೇಲೆ ಹುಟ್ಟಿದವರೆಲ್ಲ ಈ ನೀರಿನಲ್ಲೇ ಹುಟ್ಟಿ ಈ ನೀರಿನಲ್ಲೇ ಸತ್ತರು. ಈ ದೇಶದ ಕಾಗದ ಅವರಿಗಿಲ್ಲ. ಆ ದೇಶದ್ದೂ ಇಲ್ಲ. ದಡದವರು ಅವರನ್ನು 'ನೀರಿನವರು' ಎನ್ನುತ್ತಿದ್ದರು. ಕಾಗದ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಹಾಗಿರಲಿಲ್ಲ. ಆದರೆ ಕಾಗದ ಇಲ್ಲದವರು ಕೂಲಿ ಜಾಸ್ತಿ ಕೇಳುವುದಿಲ್ಲ. ಆದ್ದರಿಂದ ಇಟ್ಟುಕೊಂಡಿದ್ದರು.

ದಿನವಿಡೀ ಮಡಕೆಯಿಂದ ಇಳಿದ ಶುದ್ಧ ನೀರನ್ನು ಅಳೆದು, ಅಂಗಳಕ್ಕೆ ಚೆಲ್ಲಿ, ಸಂಜೆ ಮನೆಗೆ ಹೋಗಿ ಥೋಮ್ ಕುಡಿಯುತ್ತಿದ್ದುದು ಸರೋವರದ ನೀರನ್ನು. ಮನೆಯ ಹಿಂದಿನ ತೂತಿನಿಂದ ಹೇಲು ಬೀಳುವುದೂ ಅದೇ ನೀರಿಗೆ, ಮುಂದಿನ ಮೆಟ್ಟಿಲಿನಿಂದ ಕೊಡ ಮುಳುಗುವುದೂ ಅದೇ ನೀರಿಗೆ. ಗುಡಾಣಕ್ಕೆ ತುಂಬಿ ಪಟಿಕ ಆಡಿಸಿದರೆ ಕೆಸರು ತಳಕ್ಕೆ ಕೂರುತ್ತದೆ. ನೀರು ತಿಳಿಯಾಗುತ್ತದೆ. ತಿಳಿ ನೀರು ಕುಡಿದವರಿಗೂ ಭೇದಿಯಾಗುತ್ತದೆ, ಒಂದು ದಿನ ತಡವಾಗಿ. ಬೇಸಿಗೆಯಲ್ಲಿ ಸರೋವರ ಕುಗ್ಗಿ ನೀರು ಹಸಿರು ಗಂಜಿಯ ಹಾಗಾದಾಗ ಪಟಿಕವೂ ಸೋಲುತ್ತಿತ್ತು. ಕಾಯಿಸಿ ಕುಡಿಯಿರಿ ಎಂದು ಹೇಳಿಹೋಗಲು ವರ್ಷಕ್ಕೊಮ್ಮೆ ಯಾರಾದರೂ ಬರುತ್ತಿದ್ದರು. ಸೌದೆ ಯಾರೂ ತರುತ್ತಿರಲಿಲ್ಲ.

ಮೂರು ವರ್ಷದ ಕೆಳಗೆ ಬಿಳಿ ಕೈಗವಸು ತೊಟ್ಟವರು ದೋಣಿಯಲ್ಲಿ ಬಂದು ಮನೆಮನೆಯ ಗುಡಾಣದಿಂದ ಪುಟ್ಟ ಸೀಸೆಗಳಿಗೆ ನೀರು ತುಂಬಿಕೊಂಡು ಹೋದರು. ತಿಂಗಳಾದ ಮೇಲೆ ಸುದ್ದಿ ಬಂತು. ಇಡೀ ಜಿಲ್ಲೆಯಲ್ಲೇ ಅತ್ಯಂತ ಕೆಟ್ಟ ನೀರು ನೀರಿನವರದ್ದು. ಜೀವಮಾನದಲ್ಲಿ ಮೊದಲ ಸಲ ಯಾವುದೋ ಒಂದರಲ್ಲಿ ಅವರು ಮೊದಲನೆಯವರಾಗಿದ್ದರು. ತೇಲುವ ಊರಿನ ಹಿರಿಯ ನಾಮಜ್ಜ, "ನಮ್ಮ ಹೇಲಿಗೂ ಒಂದು ಬೆಲೆ ಬಂತು ಕಣ್ರಲಾ," ಎಂದ.

ಬೆಲೆ ಬಂದದ್ದು ನಿಜ. ಆ ಸೀಸೆಗಳನ್ನು ತೋರಿಸಿ ಹೊರದೇಶದಿಂದ ಹಣ ತಂದರು. ಕಾರ್ಖಾನೆ ದೊಡ್ಡದಾಯಿತು. ಹೊಸ ಗೂಡು ಬಂತು. ಮಡಕೆ ಹಂಚುವ ದಿನವೂ ಗೊತ್ತಾಯಿತು. ಅವತ್ತು ಬೆಳಿಗ್ಗೆಯೇ ನಲವತ್ತಮೂರು ಮನೆಯವರೂ ದೋಣಿ ಕಟ್ಟಿ ದಡ ಹತ್ತಿ ಬುದ್ಧನ ಗುಡಿಯ ಅಂಗಳದಲ್ಲಿ ಸಾಲು ನಿಂತರು. ಊರಿನ ಮುಖ್ಯಸ್ಥ ಓಕ್ ಸಾರೂನ್ ಮೇಜಿನ ಹಿಂದೆ ಕೂತಿದ್ದ.

"ಬಡವರ ಕಾರ್ಡು?"

ಇರಲಿಲ್ಲ.

"ಕಾರ್ಡು ಬೇಕು ಅಂದ್ರೆ ಮನೆ ಪುಸ್ತಕ ಬೇಕು. ಇದೆಯಾ?"

ಇರಲಿಲ್ಲ.

"ಪುಸ್ತಕಕ್ಕೆ ಮನೆ ನಂಬರು ಬೇಕು. ನಂಬರು ಕೊಡಬೇಕಾದ್ರೆ ಮನೆ ನೆಲದ ಮೇಲಿರಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ, ಇಂಥ ಮನೆಗೆ ನಂಬರು ಎಲ್ಲಿ ಬಡೀಲಿ? ನೀರಿಗಾ?"

ಸಾಲಿನಲ್ಲಿದ್ದ ದಡದವರು ನಕ್ಕರು. ಕೆಟ್ಟ ನೀರಿನವರು ಪಕ್ಕಕ್ಕೆ ಸರಿದು ನಿಂತರು. ಕಾರ್ಡು ಇದ್ದವರಿಗೂ, ಕಾರ್ಡಿನವರ ಬೀಗರಿಗೂ ಮಡಕೆ ಸಿಕ್ಕಿತು. ಸಾರೂನನ ಮನೆಗೆ ಎರಡು ಹೋದವು. ಅವನ ಮನೆಯಲ್ಲಿ ಬೋರ್‌ವೆಲ್ ಇತ್ತು. ಒಂದರಲ್ಲಿ ಅವನ ಹೆಂಡತಿ ತಾವರೆ ಬೆಳೆಸಿದಳು. ಕಾಫಿ ಅಂಗಡಿಯವನು ಮಂಜುಗಡ್ಡೆ ತುಂಬಿ ಬಿಯರು ತಣ್ಣಗಿಟ್ಟ. ಜಿನುಗಿದ ನೀರು ಬಕೆಟ್ಟಿಗೆ ಬೀಳುವುದರಿಂದ ನೆಲ ಒದ್ದೆಯಾಗುವುದಿಲ್ಲ, ಒಳ್ಳೇ ಸಾಮಾನು ಎಂದು ಅವನು ಎಲ್ಲರಿಗೂ ಹೇಳಿದ.

ಅವತ್ತು ಪಕ್ಕಕ್ಕೆ ಸರಿದವರ ನಡುವೆ ಥೋಮಳ ಮೊಮ್ಮಗಳು ಮಾಯ್ ಇದ್ದಳು. ಮೂರು ವರ್ಷದ ಮಗು. ಮುಖ ತುಂಬ ನಗು, ಮೈ ತುಂಬ ಬೆವರುಸಾಲೆ. ಫೋಟೋ ತೆಗೆಯುವವನ ಕಣ್ಣಿಗೆ ಅವಳೇ ಬಿದ್ದಳು. ಎತ್ತಿಕೊಂಡು ಹೋಗಿ ಒಂದು ಮಡಕೆಯ ಮುಂದೆ ನಿಲ್ಲಿಸಿ ಕೈಗೆ ಗಾಜಿನ ಲೋಟ ಕೊಟ್ಟ. ಮಾಯ್ ಗಟಗಟ ಕುಡಿದಳು. ಇನ್ನೊಂದು ಲೋಟ ಬೇಕು ಎಂದಳು. ಅದನ್ನೂ ಕೊಟ್ಟರು, ಫೋಟೋ ಸರಿ ಬಂದಿರಲಿಲ್ಲವಂತೆ. ಆಮೇಲೆ ಲೋಟ ಇಸಿದುಕೊಂಡು ಮಗುವನ್ನು ತಾಯಿಯ, ಎಂದರೆ ಥೋಮಳ ಮಗಳು ನ್ಯುಂಗಳ ಕೈಗೆ ಕೊಟ್ಟರು.

ಆ ಫೋಟೋ ಆಳೆತ್ತರಕ್ಕೆ ಬೆಳೆದು ಕಾರ್ಖಾನೆಯ ಗೋಡೆಗೆ ಬಂತು. ಎಂಟು ತಿಂಗಳ ಮೇಲೆ, ಏಪ್ರಿಲ್ಲಿನ ಹೊಸ ವರ್ಷದ ಹಬ್ಬದ ಬಿಸಿಲಿನಲ್ಲಿ, ಮಾಯ್ ಎರಡು ದಿನ ಭೇದಿಯಾಗಿ ಮೂರನೆಯ ದಿನ ಕಣ್ಣು ಗುಳಿಬಿದ್ದು ಸತ್ತಳು. ದಡದ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಸರೋವರದ ಅಂಚಿನಲ್ಲಿ ಮುಳುಗಿದ ಕಾಡಿನ ಒಂದು ದಿಬ್ಬ ಹುಡುಕಿ ಹೂತು ಬಂದರು. ಮಳೆಗಾಲಕ್ಕೆ ಆ ದಿಬ್ಬವೂ ಮುಳುಗಿತು.

ಗೋಡೆಯ ಮೇಲಿನ ಮಾಯ್ ಮಾತ್ರ ಕುಡಿಯುತ್ತಲೇ ಇದ್ದಳು. ಥೋಮ್ ದಿನಾ ಅವಳ ಎದುರಿಗೇ ನೀರು ಅಳೆಯುತ್ತಿದ್ದಳು. ತೆಗೆದುಹಾಕಿ ಎಂದು ಒಮ್ಮೆ ಕೇಳಿದ್ದಳು. "ಅತಿಥಿಗಳಿಗೆ ಆ ಫೋಟೋ ಅಂದ್ರೆ ತುಂಬ ಇಷ್ಟ, ಅಕ್ಕ," ಎಂದಿದ್ದ ವಿರಕ್, ತಲೆ ತಗ್ಗಿಸಿ. ವಿರಕ್ ಕೆಟ್ಟವನಲ್ಲ. ಪಟ್ಟಣದಲ್ಲಿ ಓದಿದ ಹುಡುಗ. ಕೆಲಸದವರನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದ. ಧೈರ್ಯ ಒಂದು ಅವನ ಓದಿನಲ್ಲಿ ಇರಲಿಲ್ಲ.

ಮಾರನೆಯ ವರ್ಷದ ಮಾಗಿಯಲ್ಲಿ ಒಂದು ದಿನ ಅವನು ಕಟ್ಟೆಯ ಹತ್ತಿರ ಬಂದು ನಿಂತ.

"ಥೋಮಕ್ಕ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಾಡಿದ್ದು ಹಣ ಕೊಟ್ಟೋರು ಬರ್ತಿದಾರೆ. ನಿಮ್ಮ ತೇಲೋ ಊರನ್ನೇ ನೋಡಬೇಕಂತೆ."

"ನೋಡ್ಲಿ. ನಾವೇನು ಬಚ್ಚಿಟ್ಕಂಡಿದೀವಾ?"

"ಮಡಕೆ ನೋಡಬೇಕಂತೆ. ನಿಮ್ಮ ಮನೆಗಳಲ್ಲಿ."

ಥೋಮ್ ಕೋಲು ಕೆಳಗಿಟ್ಟಳು. "ನಮ್ಮ ಮನೇಲಿ ಎಲ್ಲದೆ?"

"ಅದೇ ತೊಂದರೆ. ವರದಿಯಲ್ಲಿ ಕೊಟ್ಟಿದೀವಿ ಅಂತ ಇದೆ. ನಲವತ್ತಮೂರೂ ಮನೆಗೆ."

"ವರದೀಲಿ ನಾವು ಅದ್ರಲ್ಲೇ ನೀರು ಕುಡೀತಾ ಇದೀವಾ?"

"ಹೂಂ. ದಿನಾ."

"ಭೇದಿ?"

"ಮುಕ್ಕಾಲು ಪಾಲು ಕಡಿಮೆ ಆಗಿದೆ."

ಥೋಮಳಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದಳು. "ಅದ್ರಲ್ಲಿ ಮಾಯ್ ಬದುಕವಳಾ?"

ವಿರಕ್ ಕೆಳಗಿಟ್ಟ ಕೋಲನ್ನು ಎತ್ತಿ ಅವಳ ಕೈಗೆ ಕೊಟ್ಟ. ಗೋಡೆಯ ಕಡೆ ನೋಡಲಿಲ್ಲ.

ಉಪಾಯ ಸಾರೂನನದು. ಬೇರೆ ಜಿಲ್ಲೆಗೆ ಹೋಗಬೇಕಿದ್ದ ನಲವತ್ತಮೂರು ಹೊಸ ಮಡಕೆ, ಬಕೆಟ್ಟು, ನಲ್ಲಿ ಸಮೇತ, ದೋಣಿಯಲ್ಲಿ ತೇಲುವ ಊರಿಗೆ ಹೋಗಬೇಕು. ಮನೆಗೊಂದು ಇಡಬೇಕು. ಅತಿಥಿಗಳು ಬಂದು ಹೋದ ಮೇಲೆ ಅದೇ ಸಂಜೆ ವಾಪಸು ಬರಬೇಕು, ಮಾರನೆಯ ಬೆಳಿಗ್ಗೆ ಲಾರಿ ಹತ್ತಬೇಕು. ಮಡಕೆಗೆ ಯಾರೂ ನೀರು ಹಾಕಕೂಡದು. ಕೆಳಗಿನ ಬಕೆಟ್ಟಿಗೆ ಮಾತ್ರ ಅಂಗಡಿಯ ಬಾಟಲಿ ನೀರು ಸುರಿದಿಡುತ್ತಾರೆ. ನಲ್ಲಿ ತಿರುಗಿಸಿದಾಗ ನೀರು ಬಂದರೆ ಸಾಕು.

"ಒಂದೇ ದಿನ," ಎಂದ ಸಾರೂನ್, ಕಾರ್ಖಾನೆಯ ಅಂಗಳದಲ್ಲಿ ಥೋಮಳನ್ನು ನಿಲ್ಲಿಸಿಕೊಂಡು. "ನಿನ್ನ ಜನಕ್ಕೆ ಹೇಳು. ಒಳ್ಳೆ ಬಟ್ಟೆ ಹಾಕ್ಕೊಳ್ಳಲಿ. ಬಾಯಿ ಬಿಡೋದು ಬೇಡ, ನಗಲಿ. ಸರಿಯಾಗಿ ನಡೆದ್ರೆ ಈ ದಡದಲ್ಲಿ ಹಗ್ಗ ಕಟ್ಟಿಕೊಂಡು ಇರಬಹುದು. ಇಲ್ಲದಿದ್ರೆ ನನಗೂ ನಿಯಮ ಗೊತ್ತು."

ಸಂಜೆ ನಾಮಜ್ಜನ ಮನೆಯ ಹಲಗೆಯ ಮೇಲೆ ಎಲ್ಲರೂ ಸೇರಿದರು. ಭಾರಕ್ಕೆ ಮನೆ ಒಂದು ಕಡೆ ವಾಲಿತು. ಥೋಮ್ ವಿಷಯ ಹೇಳಿದಳು. ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿ ಅಭ್ಯಾಸವಿರಲಿಲ್ಲ.

"ಒಂದಿನದ ಮದ್ವೆ ಆದ್ರೂ ಊಟ ಇರ್ತದಲ್ಲ, ಮಾಡ್ಕಳಾಣ," ಎಂದ ನಾಮಜ್ಜ. "ಬಾಟ್ಲಿ ನೀರಾದ್ರೂ ಕುಡೀಬೋದು."

"ನಮ್ಮನೆಗೆ ಬ್ಯಾಡ," ಎಂದಳು ನ್ಯುಂಗ್. ಮಗು ಹೋದ ಮೇಲೆ ಅವಳು ಜನರ ನಡುವೆ ಬಾಯಿ ಬಿಟ್ಟದ್ದು ಅವತ್ತೇ. "ನನ್ನ ಮಗೀಗೆ ಲೋಟ ಕೊಟ್ಟು ಕಿತ್ಕಂಡೋರ ಮಡಕೆ ನನ್ನ ಮನೆಗೆ ಬ್ಯಾಡ, ಅವ್ವ."

"ಹಗ್ಗ ಬಿಚ್ಚಿಸ್ತಾನಂತೆ ಕಣೇ."

"ಬಿಚ್ಚಿಸ್ಲಿ."

"ಎಲ್ಲಿಗೆ ಹೋಗಾದು?"

ನ್ಯುಂಗ್ ಎದ್ದು ದೋಣಿಗೆ ಇಳಿದಳು. ಮಡಕೆ ಬರಲಿ ಎಂದು ಥೋಮ್ ಒಪ್ಪಿಕೊಂಡಳು.

ಮಡಕೆಗಳು ಮೂರು ದೋಣಿಯಲ್ಲಿ ಬಂದವು. ವಿರಕ್ ತಾನೇ ಕೂತು ಪ್ರತಿ ಬಕೆಟ್ಟಿಗೂ ಒಂದೊಂದು ಚೀಟಿ ಅಂಟಿಸಿದ. ಚೀಟಿಯ ಮೇಲೆ ಕಚೇರಿಯ ಮುದ್ರೆ, ಕೆಳಗೆ ಮನೆಯವರ ಹೆಸರು. ಫೋಟೋದಲ್ಲಿ ಹೆಸರು ಕಾಣಬೇಕಂತೆ. ಆ ಜನರ ಹೆಸರನ್ನು ಯಾವ ಕಚೇರಿಯೂ ಅವತ್ತಿನವರೆಗೆ ಬರೆದಿರಲಿಲ್ಲ. ನಾಮಜ್ಜ ತನ್ನ ಚೀಟಿಯನ್ನು ಬೆರಳಿನಿಂದ ಸವರಿ ಸವರಿ ನೋಡಿದ. "ಇಷ್ಟು ಉದ್ದ ಐತಾ ನನ್ನ ಹೆಸರು?" ಎಂದ.

ಥೋಮಳ ಮನೆಗೆ ಬಂದ ಮಡಕೆಯನ್ನು ಅವಳು ಅಭ್ಯಾಸಬಲದಿಂದ ಗೆಣ್ಣಿನಲ್ಲಿ ತಟ್ಟಿದಳು. ಠಣ್ ಎಂದಿತು. ಅವಳೇ ತುಂಬಿ, ಅಳೆದು, ಪಾಸು ಮಾಡಿದ್ದ ಮಡಕೆ.

ಅತಿಥಿಗಳು ಹತ್ತು ಗಂಟೆಗೆ ಬಂದರು. ನಾಲ್ಕು ಜನ ಪರದೇಶದವರು, ಕಿತ್ತಲೆ ಬಣ್ಣದ ಜೀವರಕ್ಷಕ ಜಾಕೀಟು ತೊಟ್ಟು. ಅವರಿಗೆಲ್ಲ ಹಿರಿಯಳು ಒಬ್ಬ ಬಿಳಿಗೂದಲಿನ ಮುದುಕಿ. ಕಣ್ಣಲ್ಲಿ ಕರುಣೆ ಇತ್ತು. ಸುಳ್ಳು ಕರುಣೆಯಲ್ಲ. ಅದೇ ಥೋಮಳಿಗೆ ಕಷ್ಟವಾದದ್ದು. ಬೈಯಲೂ ಆಗುವ ಹಾಗಿರಲಿಲ್ಲ.

ಮೊದಲು ಥೋಮಳ ಮನೆ. ಮುದುಕಿ ಹಲಗೆಯ ಮೇಲೆ ಕಾಲಿಟ್ಟಾಗ ಮನೆ ತೂಗಿತು. ಅವಳು ಹೆದರಿ ಥೋಮಳ ಕೈ ಹಿಡಿದಳು. ಆಮೇಲೆ ಬಿಡಲಿಲ್ಲ. ಏನೋ ಕೇಳಿದಳು. ವಿರಕ್ ಅರ್ಥ ಹೇಳಿದ.

"ಎಷ್ಟು ದಿನದಿಂದ ಬಳಸ್ತಾ ಇದೀರಿ ಅಂತ ಕೇಳ್ತಿದಾರೆ."

"ಎರಡು ವರ್ಷ, ಎರಡು ವರ್ಷ," ಎಂದ ಸಾರೂನ್, ಎರಡು ಬೆರಳು ಎತ್ತಿ.

ಎರಡು ವರ್ಷದ ಮಡಕೆಯ ಮೇಲೆ ಗೂಡಿನ ಕೆಂಪು ಇನ್ನೂ ಮಾಸಿರಲಿಲ್ಲ. ಮುದುಕಿ ಅದನ್ನು ಮುಟ್ಟಿ, ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದು ಹೊಗಳಿದಳು. ನಲ್ಲಿ ತಿರುಗಿಸಿ ಒಂದು ಲೋಟ ಬಾಟಲಿ ನೀರು ಹಿಡಿದು ಥೋಮಳಿಗೆ ಕೊಟ್ಟಳು. ಥೋಮ್ ಕುಡಿದಳು. ಫೋಟೋ ತೆಗೆದರು. ಆಗ ಮುದುಕಿಗೆ ಏನೋ ನೆನಪಾಯಿತು. ಗೋಡೆಯ ಮೇಲಿನ ಮಗು, ಆ ನಗುವ ಮಗು ಈ ಊರಿನದೇ ಅಲ್ಲವೇ, ಹೇಗಿದ್ದಾಳೆ ಎಂದಳು.

ವಿರಕ್ ಅದನ್ನು ಅನುವಾದಿಸುವ ಮೊದಲೇ ಅವನ ಮುಖ ನೋಡಿ ಥೋಮಳಿಗೆ ಅರ್ಥವಾಯಿತು. ಒಳಗೆ ಸೊಳ್ಳೆಪರದೆಯ ಹಿಂದೆ ನ್ಯುಂಗ್ ಕೂತಿದ್ದಳು.

"ನನ್ನ ಮೊಮ್ಮಗಳು ಅವಳು," ಎಂದಳು ಥೋಮ್. "ಅವಳಿಗೆ ಈಗ ಯಾವ ಕಾಯ್ಲೇನೂ ಇಲ್ಲ ಅಂತ ಹೇಳಪ್ಪ."

ವಿರಕ್ ಇದ್ದದ್ದು ಇದ್ದ ಹಾಗೆ ಹೇಳಿದ. ಮುದುಕಿಯ ಕಣ್ಣಲ್ಲಿ ನೀರು ಬಂತು. ಥೋಮಳನ್ನು ತಬ್ಬಿಕೊಂಡಳು. ಸಾರೂನ್ ಚಪ್ಪಾಳೆ ತಟ್ಟಿದ. ದೋಣಿಯಲ್ಲಿದ್ದವರೂ ತಟ್ಟಿದರು. ಹೊರಡುವಾಗ ಮುದುಕಿ ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದಳು. ವಿರಕ್ ಅದನ್ನು ಎರಡು ಭಾಷೆಯಲ್ಲಿ ಕೂಗಿ ಹೇಳಿದ: "ಈ ಮಡಕೆ ಯಾರ ದಾನವೂ ಅಲ್ಲ. ಇವು ನಿಮ್ಮವು."

ನಾಲ್ಕು ಗಂಟೆಗೆ ಖಾಲಿ ದೋಣಿಗಳು ಬಂದವು. ಮೊದಲ ದೋಣಿಯಲ್ಲಿ ಸಾರೂನ್, ವಿರಕ್, ಇಬ್ಬರು ಆಳು. ಮೊದಲ ಮನೆ ಥೋಮಳದೇ. ಒಬ್ಬ ಆಳು ಹಲಗೆ ಹತ್ತಿ ಮಡಕೆಗೆ ಕೈ ಹಾಕಿದ.

ಥೋಮ್ ಅದರ ಮೇಲೆ ಕೈ ಇಟ್ಟಳು.

ಏನೂ ಯೋಚನೆ ಮಾಡಿರಲಿಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ಕೈ ಹೋಯಿತು, ಅಷ್ಟೇ. ಆರು ವರ್ಷ ಎತ್ತಿ ಇಳಿಸಿದ ಕೈ.

"ಬಿಡಮ್ಮ," ಎಂದ ಆಳು.

"ಬಿಡಕ್ಕಿಲ್ಲ."

ದೋಣಿಯಿಂದ ಸಾರೂನ್ ಕೂಗಿದ. "ಏನದು? ಬೇಗ ಬೇಗ! ಇನ್ನೂ ನಲವತ್ತೆರಡು ಮನೆ ಇದೆ."

ಆಗ ಪರದೆ ಸರಿಸಿ ನ್ಯುಂಗ್ ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡು ಮೆಟ್ಟಿಲಿಳಿದು ಸರೋವರದಲ್ಲಿ ಮುಳುಗಿಸಿದಳು. ಕೊಡ ಬುಳುಬುಳು ಎಂದು ತುಂಬಿತು. ತಂದು ಅವ್ವನ ಕೈಗೆ ಕೊಟ್ಟಳು.

"ಏ! ಹಾಕಬೇಡಿ!" ಎಂದು ವಿರಕ್ ಎದ್ದು ನಿಂತ. ದೋಣಿ ಹೊಯ್ದಾಡಿತು. "ಅಕ್ಕ, ಒದ್ದೆ ಆದ್ರೆ ಲಾರಿಗೆ ಹಾಕೋ ಹಾಗಿಲ್ಲ!"

ಅದು ಥೋಮಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಳೆದು ಒಣಗಿಸಿದ ಮೇಲೆ ಒಮ್ಮೆ ಹೊರಗಿನ ನೀರು ಕುಡಿದ ಮಡಕೆ ಹೊಸದಲ್ಲ. ಅದನ್ನು ಮಾರುವಂತಿಲ್ಲ, ಕಳಿಸುವಂತಿಲ್ಲ. ನಿಯಮ. ಅವಳು ಕೊಡ ಎತ್ತಿದಳು. ಮಣಿಕಟ್ಟು ಕಟಕ್ ಎಂದಿತು. ಕದಡು ನೀರು ಮಡಕೆಯ ಬಾಯಿಮಟ್ಟ ತುಂಬಿತು.

"ಒದ್ದೆ ಆಯ್ತು," ಎಂದಳು.

"ಕಳ್ಳಿ!" ಸಾರೂನನ ಮುಖ ಕೆಂಪಾಯಿತು. "ಹಾದರಗಿತ್ತಿ, ನೀರಿನೋಳೇ! ಸರ್ಕಾರದ ಸಾಮಾನು ಕದೀತೀಯಾ?"

"ಅದ್ರ ಮ್ಯಾಲೆ ಯಾರ ಹೆಸ್ರು ಬರ್ದದೆ ಓದಿ ಸಾಹೇಬ್ರೆ. ನಂಗೆ ಓದಕ್ಕೆ ಬರಲ್ಲ."

ಸಾರೂನ್ ಓದಲಿಲ್ಲ.

"ನೀನಾದ್ರೂ ಓದಪ್ಪ ವಿರಕ್. ನಿನ್ನ ಕೈಬರಾನೇ."

ವಿರಕ್ ಚೀಟಿ ನೋಡಿದ. ಸಾರೂನನನ್ನು ನೋಡಿದ. ಕೊನೆಗೆ, ತುಂಬ ಸಣ್ಣ ದನಿಯಲ್ಲಿ, ಅವಳ ಪೂರ್ತಿ ಹೆಸರು ಓದಿದ.

"ಜೋರಾಗಿ. ಅಜ್ಜನಿಗೆ ಕಿವಿ ಮಂದ."

ಅವನು ಮತ್ತೊಮ್ಮೆ ಓದಿದ. ಈ ಸಲ ಪಕ್ಕದ ಮನೆಗೂ ಕೇಳಿಸಿತು. ಪಕ್ಕದ ಮನೆಯ ಹೆಂಗಸು ಒಂದು ಗಳಿಗೆ ನಿಂತು ನೋಡಿದಳು. ಅಂಗಿಯ ತುದಿ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಡಬ್ಬ ಮುಳುಗಿಸಿದಳು. ಆಚೆ ಮನೆಯ ಗಂಡಸು ಬಕೆಟ್ಟು ಮುಳುಗಿಸಿದ. ನಾಮಜ್ಜನಿಗೆ ಬಗ್ಗಲಾಗುತ್ತಿರಲಿಲ್ಲ. ಮಗನಿಗೆ ಬೈದ. "ನಿಂತ್ಕಂಡು ಏನ್ಲಾ ನೋಡ್ತೀಯಾ, ಸುರಿ!" ಮನೆಯಿಂದ ಮನೆಗೆ ಅದು ಹೋಯಿತು. ಯಾರೂ ಘೋಷಣೆ ಕೂಗಲಿಲ್ಲ. ಕೊಡ ಮುಳುಗುವ ಸದ್ದು, ನೀರು ಸುರಿಯುವ ಸದ್ದು. ನಲವತ್ತಮೂರು ಸಲ.

"ಪೋಲೀಸ್ರನ್ನ ಕರೆಸ್ತೀನಿ," ಎಂದ ಸಾರೂನ್.

"ಕರೆಸಿ. ಏನಂತ ದೂರು ಕೊಡ್ತೀರಾ?" ಥೋಮಳ ಕೈ ಮಡಕೆಯ ಮೇಲೇ ಇತ್ತು. "ಅವ್ರದ್ದೇ ಮಡಕೆ ಅವ್ರೇ ಕದ್ರು ಅಂತಾನಾ? ಎರಡು ವರ್ಷದ ಕೆಳಗೆ ಕೊಟ್ಟಿದ್ದು ಅಂತ ಬರ್ದಿದೀರಲ್ಲ. ಹತ್ತು ಗಂಟೆಗೆ ಚಪ್ಪಾಳೆ ತಟ್ಟಿದ್ರಲ್ಲ. ಪೋಲೀಸ್ರಿಗೆ ಆ ಫೋಟಾನೂ ತೋರ್ಸಿ."

ಸಾರೂನನ ಬಾಯಿ ತೆರೆಯಿತು, ಮುಚ್ಚಿತು. ಮೀನಿನ ಬಾಯಿಯ ಹಾಗೆ. ನೀರಿನವರಿಗೆ ಆ ನೋಟ ಹೊಸದಲ್ಲ. ದಡದವರ ಮುಖದಲ್ಲಿ ನೋಡಿದ್ದು ಹೊಸದು.

ಅವನು ದೂರು ಕೊಡಲಿಲ್ಲ. ಆದರೆ ನಿಯಮ ಅವನಿಗೂ ಗೊತ್ತಿತ್ತು. ಮಾರನೆಯ ದಿನ ಥೋಮಳ ಕೆಲಸ ಹೋಯಿತು. ಅವಳಿಗೆ ಕಾಗದ ಇಲ್ಲ ಎಂಬ ಸಂಗತಿ ಆರು ವರ್ಷದ ಮೇಲೆ ಕಾರ್ಖಾನೆಗೆ ತಿಳಿಯಿತಂತೆ. ಮೂರನೆಯ ದಿನ ದಡದ ಗೂಟಗಳ ಮೇಲೆ ಹಾಳೆ ಬಡಿದರು. ಇಲ್ಲಿ ಮನೆ ಕಟ್ಟಿಕೊಳ್ಳುವುದು ಅಕ್ರಮ, ನೀರು ಮಲಿನವಾಗುತ್ತದೆ, ಹದಿನೈದು ದಿನದಲ್ಲಿ ತೆರವು ಮಾಡಬೇಕು. ಕೆಟ್ಟ ನೀರು ಕುಡಿಯುತ್ತಿದ್ದವರು ಈಗ ನೀರು ಕೆಡಿಸುವವರಾಗಿದ್ದರು.

ಜನ ಥೋಮಳಿಗೆ ಬೈದರು. ಬೈಯದೆ ಏನು ಮಾಡುತ್ತಾರೆ? ದಡ ಹೋದರೆ ಮೀನಿನ ಮಾರುಕಟ್ಟೆ ಹೋಯಿತು, ಅಕ್ಕಿ ಅಂಗಡಿ ಹೋಯಿತು. "ಒಂದು ಮಣ್ಣಿನ ಮಡಕೆಗೆ ಊರು ಕಳ್ದಳು," ಎಂದ ಒಬ್ಬ, ಅವಳಿಗೆ ಕೇಳುವ ಹಾಗೆ. ಆದರೆ ಹೊರಡುವ ದಿನ ಅವನೂ ತನ್ನ ಮಡಕೆಯನ್ನು ಹಾಸಿಗೆಯ ನಡುವೆ ಸುತ್ತಿಟ್ಟಿದ್ದ.

ತೇಲುವ ಊರಿಗೆ ಒಂದು ಅನುಕೂಲ ಇದೆ. ಓಡಿಸಿದರೆ ಮನೆ ಸಮೇತ ಹೋಗಬಹುದು. ಮೀನುದೋಣಿಗಳಿಗೆ ಹಗ್ಗ ಬಿಗಿದು ಮನೆಗಳನ್ನು ಎಳೆದರು. ನಾಲ್ಕು ದಿನ. ಗಾಳಿಗೆ ಒಂದು ಮನೆಯ ತಗಡು ಹಾರಿತು. ಎರಡು ಮಡಕೆ ಒಡೆದವು. ನ್ಯುಂಗ್ ದೋಣಿಯ ಮೂತಿಯಲ್ಲಿ ಕೂತು ಮುಳುಗಿದ ಕಾಡಿನ ಕಡೆ ನೋಡುತ್ತಿದ್ದಳು. ದಿಬ್ಬ ಎಲ್ಲಿದೆ ಎಂದು ಈಗ ಹೇಳಲು ಬರುತ್ತಿರಲಿಲ್ಲ. ಸರೋವರದ ಆಚೆ ದಡದಲ್ಲಿ, ಯಾವ ಮುಖ್ಯಸ್ಥನಿಗೂ ಬೇಡದ ಒಂದು ಕೊಲ್ಲಿಯಲ್ಲಿ ಗೂಟ ಹೊಡೆದರು.

ಥೋಮ್ ಮನೆಮನೆಗೆ ಹೋದಳು. ಮೊದಲ ಮೂರು ತುಂಬು ಕುಡಿಯಬೇಡಿ, ಚೆಲ್ಲಿ. ಒಳಗೆ ಬ್ರಷ್ಷಿನಿಂದ ಉಜ್ಜಿ, ಸೋಪು ಮುಟ್ಟಿಸಬೇಡಿ. ಪಟಿಕ ಹಾಕಿ ಕೆಸರು ಕೂರಿಸಿ ಆಮೇಲೆ ಸುರಿಯಿರಿ. ಸಂಬಳ ತಗೊಂಡು ಮಾಡಿದ್ದ ಕೆಲಸವನ್ನೇ ಈಗ ಪುಕ್ಕಟೆ ಮಾಡಿದಳು. ತಟ್ಟಿ ಕೇಳುವುದನ್ನು ನ್ಯುಂಗಳಿಗೆ ಕಲಿಸಿದಳು. ಆ ಬೇಸಿಗೆಯಲ್ಲಿ ನೀರು ಎಂದಿನ ಹಾಗೆ ಹಸಿರು ಗಂಜಿಯಾಯಿತು. ಭೇದಿಯಾಯಿತು, ಇಲ್ಲವೆಂದಲ್ಲ. ಮಗು ಯಾವುದೂ ಸಾಯಲಿಲ್ಲ.

ಮಳೆ ಶುರುವಾಗುವ ಮೊದಲು ಯೋಜನೆಯ ಲೆಕ್ಕ ಒಪ್ಪಿಸಲು ಪಟ್ಟಣದವರು ಊರೂರಿಗೆ ಹೋಗಿ ಮಡಕೆ ಹುಡುಕಿದರು. ದಡದ ಊರುಗಳಲ್ಲಿ ತಾವರೆ ಸಿಕ್ಕಿತು, ಬಿಯರು ಸಿಕ್ಕಿತು, ಕೋಳಿ ಕಾವು ಕೂತದ್ದು ಸಿಕ್ಕಿತು. ದಿನಾ ನೀರು ಸೋಸುತ್ತಿದ್ದ ಮಡಕೆ ಒಟ್ಟಿಗೆ ಸಿಕ್ಕಿದ್ದು ಒಂದೇ ಕಡೆ. ಆಚೆ ದಡದ ಕೊಲ್ಲಿಯಲ್ಲಿ, ನಲವತ್ತೊಂದು. ಪುಟ್ಟ ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋದರು. ಈ ಸಲ ಅದು ಜಿಲ್ಲೆಯಲ್ಲೇ ಒಳ್ಳೆಯ ನೀರಾಗಿತ್ತು. ಹೊಸ ವರದಿಯಲ್ಲಿ ಅವರ ಊರನ್ನು ಮಾದರಿ ಗ್ರಾಮ ಎಂದು ಬರೆದರು. ಆ ವರ್ಷದ ಸಭೆಯಲ್ಲಿ ಸಾರೂನನಿಗೆ ಶಾಲು ಹೊದಿಸಿದರಂತೆ. ವಿರಕ್ ಕೆಲಸ ಬಿಟ್ಟು ಪಟ್ಟಣಕ್ಕೆ ಹೋದನೆಂದು ಮೀನು ಕೊಳ್ಳುವವರು ಹೇಳಿದರು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಹೊಸ ದೋಣಿ ಬಂತು. ಅದರಲ್ಲಿ ಫೈಲು ಹಿಡಿದ ಒಬ್ಬ ಹುಡುಗಿ. ಬೇರೆ ಕಚೇರಿ, ಬೇರೆ ಹಣ. ನಗುಮುಖ. ಹಲಗೆ ಹತ್ತಿ ಥೋಮಳಿಗೆ ಕೈಮುಗಿದಳು.

"ನಿಮ್ಮದು ಮಾದರಿ ಗ್ರಾಮ ಅಂತ ಓದಿದೆ ಅಮ್ಮ. ನಾವು ಶಾಲೆ ಯೋಜನೆಯೋರು. ನಿಮ್ಮ ಮಕ್ಕಳಿಗೆ ಶಾಲೆ ಇದೆ ಅಂತ..." ಫೈಲು ತಿರುವಿದಳು. "ಇದೆ ಅಂತ ನಮ್ಮ ವರದಿಯಲ್ಲಿ ಹೋಗಿಬಿಟ್ಟಿದೆ. ಮುಂದಿನ ತಿಂಗಳು ಅತಿಥಿಗಳು ನೋಡೋಕೆ ಬರ್ತಾರೆ. ಅದಕ್ಕೆ ಒಂದು ತೇಲೋ ಶಾಲೆ ಎಳೆಸಿಕೊಂಡು ಬಂದು ಇಲ್ಲಿ ನಿಲ್ಲಿಸ್ತೀವಿ. ಬೆಂಚು, ಬೋರ್ಡು, ಪುಸ್ತಕ ಎಲ್ಲ ಇರುತ್ತೆ. ಮಕ್ಕಳು ಸ್ನಾನ ಮಾಡಿ ಬಂದು ಕೂತ್ರೆ ಸಾಕು."

ಮೀನು ಕೊಯ್ಯುತ್ತಿದ್ದ ನ್ಯುಂಗಳ ಕೈ ನಿಂತಿತು. ಪಕ್ಕದ ಮನೆಯ ಹಲಗೆಯ ಮೇಲೆ ನಾಮಜ್ಜ ಕಿವಿಗೆ ಕೈ ಅಡ್ಡ ಹಿಡಿದ.

"ಎಷ್ಟು ದಿನಕ್ಕವ್ವ?" ಎಂದಳು ಥೋಮ್.

"ಒಂದೇ ದಿನಕ್ಕಮ್ಮ. ನಿಮಗೇನೂ ತೊಂದರೆ ಕೊಡಲ್ಲ."

ಥೋಮ್ ಕೊಲ್ಲಿಯ ಉದ್ದಕ್ಕೂ ಕಣ್ಣಾಡಿಸಿದಳು. ಹಲಗೆಗಳ ಮೇಲೆ, ದೋಣಿಗಳಲ್ಲಿ, ನೀರಿನಲ್ಲಿ ಕುತ್ತಿಗೆಮಟ್ಟ ಮುಳುಗಿ, ಮಕ್ಕಳು ಅವಳನ್ನೇ ನೋಡುತ್ತಿದ್ದವು.

"ಎಪ್ಪತ್ತೊಂದು ಮಕ್ಳು ಅವ್ರೆ," ಎಂದಳು. "ಚಿಕ್ಕದು ಸಾಕಾಗಲ್ಲ. ದೊಡ್ಡದೇ ತನ್ನಿ."